ಪಿಸ್ತೂಲಿಗೆ ಹಾಕಿದ ಕುಂಕುಮ

ಬೆಳವಲಗೇರಿ
ಫೆಬ್ರುವರಿ ೩೦, ೨೧೯೧

ಬೆಳವಲಗೇರಿ ಪೊಲೀಸ್ ವಸತಿಗೃಹದಲ್ಲಿರುವ ಹೆಡ್ ಕಾನ್‌ಸ್ಟೇಬಲ್ ದ್ಯಾಮಪ್ಪ ಕೊಪ್ಪದ ಅವರಿಗೆ, ಅವರ ಮರಿಮಗನ ಮೊಮ್ಮಗಳು ಹೊನ್ನವ್ವ ಮಾಡುವ ಶರಣು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿದುಬಿಡಬೇಡಿ. ನಿಮ್ಮ ಫೆಬ್ರುವರಿಗೆ ಮೂವತ್ತನೆಯ ದಿನ ಇಲ್ಲವೆಂದು ನನಗೆ ಗೊತ್ತಿದೆ. ನಮ್ಮ ಹಿರಿಯರು ಎಲ್ಲ ತಿಂಗಳನ್ನೂ ಒಂದೇ ಅಳತೆಗೆ ಕತ್ತರಿಸಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗಂಟು ಕಟ್ಟಿಟ್ಟರು. ಆ ದಿನಗಳಲ್ಲಿ ಯಾರೂ ಯಾರಿಂದಲೂ ಏನೂ ಕೇಳುವಂತಿಲ್ಲ. ನಮ್ಮ ಕಾಲದವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನ್ನ ಅಂದಾಜು. ನನ್ನ ಮಾತಿನಲ್ಲಿ ಅಲ್ಲಲ್ಲಿ ನಿಮಗೆ ತಿಳಿಯದ ಶಬ್ದ ಬಂದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಾಗದಗಳನ್ನು ಓದಿ ಕಲಿತವಳು ನಾನು. ಎರವಲು ಅಂಗಿ ತೊಟ್ಟಂತೆ ಎಲ್ಲೋ ಒಂದು ಕಡೆ ಬಿಗಿಯುತ್ತದೆ, ಇನ್ನೊಂದು ಕಡೆ ಜೋಲುತ್ತದೆ. ಈ ಕಾಗದ ಹಿಂದಂಚೆಯಲ್ಲಿ ಬಂದಿದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದಕ್ಕೆ ಅಪ್ಪಣೆ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ, ಕೆಲವರು ಹೊಲ ಮಾರಬೇಡವೆಂದು ಅಜ್ಜನಿಗೆ ಬರೆಯುತ್ತಾರೆ. ಮುಟ್ಟಿತೋ ಇಲ್ಲವೋ ತಿಳಿಯುವ ಉಪಾಯವಿಲ್ಲ. ಮುಟ್ಟಿ ಕೆಲಸ ಮಾಡಿದ್ದರೆ ನಾವು ಅದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ! ನನ್ನ ಪಾಲಿನ ಆ ಒಂದು ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ. ಪ್ರೀತಿ ಉಕ್ಕಿ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಮೈಯೆಲ್ಲ ಉರಿಯುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಬರುವ ಸೋಮವಾರ ನೀವು ಕೋರ್ಟಿನ ಕಟಕಟೆ ಹತ್ತಲಿದ್ದೀರಿ. ನಿಮ್ಮ ಜೊತೆಗಾರ ಫಕೀರಪ್ಪ ಯಲಿಗಾರರು ಪಿಸ್ತೂಲು ಮಾಡಿದ ಕಂಪನಿಯ ಮೇಲೆ ದಾವೆ ಹೂಡಿದ್ದಾರೆ. ಆ ದಾವೆಯಲ್ಲಿ ನೀವು ಕಂಪನಿಯ ಕಡೆಯ ಸಾಕ್ಷಿ. ಅಲ್ಲಿ ನೀವು ಆಡಲಿರುವ ಒಂದು ಶಬ್ದ ನನಗೆ ಬಾಯಿಪಾಠವಾಗಿದೆ. ಅದನ್ನು ಆಡಬೇಡಿ ಎಂದು ಹೇಳುವುದಕ್ಕೇ ಈ ಕಾಗದ. ಉಳಿದದ್ದೆಲ್ಲ ಯಾಕೆ ಎಂಬುದರ ವಿವರ.

ಮೊದಲು ನಾನು ಯಾರೆಂದು ಹೇಳಬೇಕು, ಇಲ್ಲದಿದ್ದರೆ ಬಿಸಿಲಿಗೆ ತಲೆ ಕೆಟ್ಟವಳೆಂದುಕೊಳ್ಳುತ್ತೀರಿ. ಬಿಸಿಲೇ ನನ್ನ ದಂಧೆ. ನಾನು ನೆರಳು ಮಾರುತ್ತೇನೆ. ನಮ್ಮಲ್ಲಿ ಬೆಳಗಿನ ಊಟವಾಗುತ್ತಲೇ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ, ಇಳಿಹೊತ್ತಿಗೆ ತೆರೆಯುತ್ತದೆ. ನಡುವಿನ ಹೊತ್ತಿಗೆ ಬಾಗಿಲ್‌ಹೊತ್ತು ಎಂದು ಹೆಸರು. ಆಗ ಹೊರಗೆ ಹೋಗಲೇಬೇಕಾದವರು ಬೀದಿಯ ಮೇಲೆ ಕಟ್ಟಿದ ನೆರಳುಹಾಸಿನ ಕೆಳಗೆ ನಡೆಯುತ್ತಾರೆ. ಈ ಊರಿನ ಪೇಟೆಯ ಓಣಿಗಳ ಮೇಲಿರುವ ಹಾಸೆಲ್ಲ ನನ್ನದು. ಶುರು ಮಾಡಿದಾಗ ನನ್ನ ಹತ್ತಿರ ಎರಡು ಬಿದಿರಿನ ಗಳು, ಒಂದು ಹಳೆಯ ಹೊದಿಕೆ ಇದ್ದವು. ನೀರಿನ ಸರದಿಯಲ್ಲಿ ನಿಂತ ಬಾಣಂತಿಯರ ತಲೆಯ ಮೇಲೆ ಅದನ್ನು ಹಿಡಿದು ನಿಲ್ಲುತ್ತಿದ್ದೆ. ಅವರು ಸೆರಗಿನಿಂದ ಒಂದು ಹಿಡಿ ಶೇಂಗಾ ಕೊಡುತ್ತಿದ್ದರು. ಆಗ ಓದು ಇರಲಿಲ್ಲ, ಒಂದು ಬಾಯಿ ಇತ್ತು. ‘ಹೊನ್ನವ್ವನ ಕೂಡ ಮಾತಿಗಿ ನಿಂತ್ರ ಸೂರ್ಯಾನೂ ಬ್ಯಾಸತ್ತು ಮುಳಗತಾನ’ ಎಂದು ಪೇಟೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನ್ನ ನೆರಳಿನಲ್ಲೇ ನಿಂತು ಆಡಿಕೊಳ್ಳುತ್ತಾರೆ.

ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಏನೇನು ಬದಲಾಯಿತೆಂದು ಹೇಳಹೊರಟರೆ ಕಾಗದ ಸಾಲದು. ಅನ್ನ ಹಬ್ಬದ ಊಟವಾಗಿದೆ, ಸಜ್ಜೆ ದಿನದ ಊಟವಾಗಿದೆ. ಗೋಡೆಗಳು ಹಗಲಿನ ಕಾವು ಕುಡಿದು ಸಂಜೆ ಬೆಳಕು ಕೊಡುತ್ತವೆ. ನೆಲದೊಳಗೆ ಓಡುವ ಇರುವೆಬಂಡಿಯಲ್ಲಿ ಕುಳಿತರೆ ಒಂದು ಹಾಡು ಮುಗಿಯುವಷ್ಟರಲ್ಲಿ ಪಕ್ಕದ ಜಿಲ್ಲೆ. ಆದರೆ ನಾನು ಹೇಳಬೇಕಾದದ್ದು ಬೇರೆ. ನನ್ನ ಅಡುಗೆಮನೆಯಲ್ಲಿ ಒಂದು ಈಳಿಗೆ ಇದೆ. ಮಗುವಿನ ಕೈ ಹತ್ತಿರ ಬಂದರೆ ತಾನೇ ಮೊಂಡಾಗುತ್ತದೆ. ಯಾಕೆ ಹಾಗಾಯಿತು? ಯಾವಳೋ ಒಬ್ಬ ತಾಯಿ ಮಗುವಿನ ಬೆರಳು ಕಳೆದುಕೊಂಡು, ಈಳಿಗೆ ಮಾಡಿದವನನ್ನು ಕೋರ್ಟಿಗೆ ಎಳೆದಳು, ಗೆದ್ದಳು. ಸುಡದ ಒಲೆ, ಬಾಗಿಲಲ್ಲಿ ಕೈ ಹಿಡಿಯದ ಲಿಫ್ಟು, ಬೆಲ್ಟು ಹಾಕದೆ ಹೊರಡದ ಬಂಡಿ: ಒಂದೊಂದರ ಹಿಂದೆಯೂ ಯಾರೋ ಅತ್ತಿದ್ದಾರೆ, ಯಾರೋ ಕೋರ್ಟಿನ ಮೆಟ್ಟಿಲು ಸವೆಸಿದ್ದಾರೆ. ನಮ್ಮ ಕಾಲದ ಪ್ರತಿಯೊಂದು ಸುಖದ ಬೆನ್ನ ಮೇಲೆ ಹಳೆಯ ದಾವೆಯೊಂದರ ಗಾಯ ಇದೆ. ಒಂದೇ ಒಂದು ವಸ್ತು ಮಾತ್ರ ನಿಮ್ಮ ಕಾಲದಲ್ಲಿದ್ದ ಹಾಗೆಯೇ ಇದೆ. ಪೊಲೀಸರಿಗೆ ನಾವೀಗ ಊರಗಾವಲು ಎನ್ನುತ್ತೇವೆ. ಖಾಕಿ ಹೋಗಿ ಬೂದುಬಣ್ಣ ಬಂದಿದೆ. ಅವರ ಸೊಂಟದಲ್ಲಿರುವುದು ಮಾತ್ರ ಈ ಕಾಗದ ಓದುವಾಗ ನಿಮ್ಮ ಸೊಂಟದಲ್ಲಿ ಇರಬಹುದಾದದ್ದೇ. ವಿನೀತ ಎಂಬ ಹೆಸರಿನ ಪಿಸ್ತೂಲು.

ಅದರೊಳಗೆ ಹೊಡೆಯುವ ಮೊಳೆಯನ್ನು ಹಿಂದಕ್ಕೆ ಹಿಡಿದಿಡುವ ಒಂದು ಸಣ್ಣ ಕೊಕ್ಕೆ ಇದೆ. ಆ ಕೊಕ್ಕೆ ಹಿಡಿದಿರುವುದು ಉಗುರಿನ ತುದಿಯಷ್ಟರಲ್ಲಿ. ಬಳಸಿದಂತೆಲ್ಲ ಸವೆಯುತ್ತದೆ; ಒಂದು ದಿನ ಸೊಂಟ ಕುಲುಕಿದರೆ ಸಾಕು, ಜಾರುತ್ತದೆ. ಹೊರಗಿನಿಂದ ತಡೆಯುವ ಗುಂಡಿ ಇಲ್ಲ. ಕಳ್ಳ ಎದುರಿಗೆ ಬಂದಾಗ ಗುಂಡಿ ಹುಡುಕುತ್ತ ಕೂರಬಾರದೆಂದು ಕಂಪನಿಯವರು ಇಟ್ಟಿಲ್ಲವಂತೆ. ಕೊಕ್ಕೆಯನ್ನು ಸ್ವಲ್ಪ ಉದ್ದ ಮಾಡಿದ್ದರೆ ಮುಗಿಯುತ್ತಿತ್ತು. ಕಂಪನಿಯ ಎಂಜಿನಿಯರುಗಳಿಗೂ ಅದು ಗೊತ್ತು. ಆದರೆ ಬದಲಿಸಿದರೆ ಮೊದಲಿನದು ಕೆಟ್ಟಿತ್ತೆಂದು ಒಪ್ಪಿದಂತಾಗುತ್ತದೆ ಎಂದು ಕಂಪನಿಯ ವಕೀಲರು ಅವರ ಕೈ ಕಟ್ಟಿದ್ದಾರೆ. ಒಮ್ಮೆಯೂ ಸೋಲದ ಕಂಪನಿ ಯಾಕೆ ಬದಲಿಸಬೇಕು? ನಾನೂ ವ್ಯಾಪಾರಿ, ನನಗೆ ಆ ಬುದ್ಧಿ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಎಂಬುದಕ್ಕೇ ಅಸಹ್ಯವಾಗುತ್ತದೆ. ನನ್ನ ಹಾಸು ಹರಿದು ಒಬ್ಬನ ತಲೆ ಸುಟ್ಟರೆ ಮಾರನೆಯ ದಿನ ನಾನು ಇಡೀ ಓಣಿಯ ಹಾಸು ಬಿಚ್ಚಿಸುತ್ತೇನೆ.

ನನಗೆ ಒಬ್ಬಳೇ ಮಗಳು, ಕದಿರು. ಊರಗಾವಲಿನಲ್ಲಿ ಇದ್ದಾಳೆ. ನೆರಳಿನ ವ್ಯಾಪಾರ ನೋಡಿಕೋ ಎಂದರೆ, ‘ಅವ್ವಾ, ನೀ ಮಂದಿಗಿ ನೆರಳು ಮಾರ್ತಿ, ನಾ ಪುಕ್ಕಟೆ ಕೊಡ್ತೀನಿ ಬಿಡು’ ಎಂದು ನಕ್ಕು ಹೋದವಳು. ಹೋದ ತಿಂಗಳು, ಬಾಗಿಲ್‌ಹೊತ್ತು ಮುಗಿದು ಮೆಣಸಿನಕಾಯಿ ಪೇಟೆ ತೆರೆದಾಗ ಅವಳು ಅಲ್ಲಿ ಪಾಳಿಯ ಮೇಲಿದ್ದಳು. ಒಬ್ಬ ಹಮಾಲನ ಬೆನ್ನಿನಿಂದ ಮೂಟೆ ಜಾರಿತು. ಇವಳು ಓಡಿಹೋಗಿ, ಬಗ್ಗಿ, ಎರಡೂ ಕೈ ಮೂಟೆಯ ಕೆಳಗೆ ಕೊಟ್ಟು ಎತ್ತಿದಳು. ಎರಡೂ ಕೈ. ಪೇಟೆಗೆ ಪೇಟೆಯೇ ನೋಡಿದೆ. ಸೊಂಟದ ಚೀಲದಲ್ಲಿದ್ದ ಪಿಸ್ತೂಲು ಚೀಲದಲ್ಲೇ ಹಾರಿತು. ಗುಂಡು ತೊಡೆ ಸೀಳಿ ಮೊಣಕಾಲಿನ ಚಿಪ್ಪು ಒಡೆದು ನೆಲಕ್ಕೆ ಹೋಯಿತು. ಹಮಾಲ ಮೂಟೆ ಒಗೆದು ಚೀರಿದನಂತೆ:

‘ಯವ್ವಾ! ಯಾರು ಹೊಡದ್ರು?’

‘ಯಾರೂ ಇಲ್ಲ ಕಾಕಾ. ನಂದ ಪಿಸ್ತೂಲು,’ ಎಂದಳಂತೆ ಇವಳು, ಒಡೆದ ಮೂಟೆಯ ಮೆಣಸಿನಕಾಯಿಯ ಮೇಲೆ ಬಿದ್ದು.

ನಾನು ದವಾಖಾನೆಗೆ ಹೋಗುವಷ್ಟರಲ್ಲಿ ಅವಳ ಮೇಲಧಿಕಾರಿ ಶೀಲವಂತ ಎಂಬವನು ಮಂಚದ ಹತ್ತಿರ ಕುಳಿತಿದ್ದ. ಕೆಟ್ಟವನಲ್ಲ, ಕಣ್ಣು ಒದ್ದೆಯಾಗಿತ್ತು. ಕಿಸೆಯಿಂದ ಸರ್ಕಾರದ ಮೊಹರು ಹಾಕಿದ ಒಂದು ಸಣ್ಣ ಪೊಟ್ಟಣ ತೆಗೆದ. ಔಷಧವೆಂದುಕೊಂಡೆ. ಕುಂಕುಮ.

‘ಅಕ್ಕಾರ, ಒಂದು ಚಿಟಿಕಿ ಪಿಸ್ತೂಲಿನ್ಯಾಗ ಬಿದ್ದಿತ್ತಂದ್ರ ಹುಡುಗಿ ನೌಕರಿ ಉಳಿತೈತಿ. ದವಾಖಾನಿ ಇಲಾಖೆ ನೋಡ್ಕೋತೈತಿ. ನೀವು ಹೂಂ ಅನ್ರಿ, ಉಳಿದದ್ದು ನಾ ಮಾಡ್ತೀನಿ.’

‘ಹೂಂ ಅನ್ನಲಿಲ್ಲಂದ್ರ?’

‘ಕೈತಪ್ಪು ಅಂತ ಬರೀಬೇಕಾಗ್ತೈತ್ರಿ. ಕೈತಪ್ಪಿಗೆ ಜೇಲು.’

‘ಎರಡೂ ಕೈ ಮೂಟಿ ಕೆಳಗ ಇದ್ವಲ್ಲೋ ತಮ್ಮಾ. ತಪ್ಪು ಪಿಸ್ತೂಲಿಂದು ಅಂತ ಬರಿಯಾಕ ಏನು ಧಾಡಿ?’

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ‘ಅಕ್ಕಾರ, ಹಂಗ ಬರಿಯಾಕ ಜಾಗಾನ ಇಲ್ರಿ. ಕುಂಕುಮ ಇತ್ತು, ಇಲ್ಲಾ ಕೈ ತಪ್ತು. ಎರಡ ಐತಿ. ಯಲಿಗಾರ ತೀರ್ಪು ಬಂದಾಗಿಂದ ಹಿಂಗ ನಡದೈತಿ.’

ಯಲಿಗಾರ ತೀರ್ಪು. ಫಕೀರಪ್ಪ ಯಲಿಗಾರರ ಹೆಸರು ನಮ್ಮ ಕಾಲದವರೆಗೆ ಉಳಿದಿದೆ, ದ್ಯಾಮಪ್ಪನವರೇ. ಅವರನ್ನು ಮುಳುಗಿಸಿದ ತೀರ್ಪಿಗೆ ಅವರದೇ ಹೆಸರಿಟ್ಟು ಉಳಿಸಿದ್ದಾರೆ. ನಿಮಗೆ ತಿಳಿಯದ ಸಂಗತಿಯೇನೂ ಇದರಲ್ಲಿಲ್ಲ, ಆದರೂ ನಮ್ಮ ಕಾಲಕ್ಕೆ ಅದು ಹೇಗೆ ಬಂದು ಮುಟ್ಟಿತೆಂದು ಹೇಳುತ್ತೇನೆ. ಸಂತೆಯಲ್ಲಿ ಎಡವಿ ಬಿದ್ದ ಮುದುಕಿಯನ್ನು ಎಬ್ಬಿಸಲು ಫಕೀರಪ್ಪನವರು ಬಗ್ಗಿದರು, ಪಿಸ್ತೂಲು ಚೀಲದಲ್ಲೇ ಹಾರಿತು, ಕಾಲು ಹೋಯಿತು. ಕೈತಪ್ಪು ಎಂದು ಇಲಾಖೆ ಮನೆಗೆ ಕಳಿಸಿತು. ನನ್ನ ಬೆರಳು ಅದನ್ನು ಮುಟ್ಟಿಲ್ಲ, ಅಷ್ಟನ್ನು ಕೋರ್ಟು ಹೇಳಲಿ ಎಂದು ಅವರು ದಾವೆ ಹೂಡಿದರು. ಆಗ ಕಂಪನಿಯವರಿಗೆ ಒಂದು ಹಬ್ಬ ಸಿಕ್ಕಿತು. ನಮ್ಮ ಖಂಡೇನವಮಿ. ಆಯುಧಪೂಜೆಯ ದಿನ ಠಾಣೆಯ ಮೇಜಿನ ಮೇಲೆ ಪಿಸ್ತೂಲುಗಳನ್ನು ಸಾಲಾಗಿ ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಬೂದುಗುಂಬಳ ಒಡೆಯುವುದು ನೀವೂ ಮಾಡುತ್ತೀರಿ, ನಾವೂ ಮಾಡುತ್ತೇವೆ. ಕಂಪನಿ ಕೊಟ್ಟ ಎಣ್ಣೆಯ ಹೊರತು ಬೇರೇನೂ ತಾಗಬಾರದೆಂದು ಪಿಸ್ತೂಲಿನ ಡಬ್ಬಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು. ಕುಂಕುಮ ಒಳಗೆ ಹೋಗಿ ಕೊಕ್ಕೆ ಜಾರಿತು, ಇದು ಈ ನಾಡಿನ ಪದ್ಧತಿಯ ದೋಷ, ಪಿಸ್ತೂಲಿನ ದೋಷವಲ್ಲ ಎಂದು ಅವರು ವಾದ ಹೂಡಿದರು. ಫಕೀರಪ್ಪನವರ ಪಿಸ್ತೂಲಿನಲ್ಲಿ ಕುಂಕುಮ ಇರಲಿಲ್ಲ. ಖಂಡೇನವಮಿಯ ದಿನ ಅವರು ಬಂದೋಬಸ್ತಿಗೆ ಹೋಗಿದ್ದರು, ಪಿಸ್ತೂಲು ಸೊಂಟದಲ್ಲಿತ್ತು, ಪೂಜೆಗೆ ಕುಳಿತಿರಲಿಲ್ಲ. ಹೌದೆಂದುಬಿಡು, ಇತ್ತೆಂದು ಹೇಳು, ನೌಕರಿ ಮರಳಿ ಬರುತ್ತದೆ ಎಂದು ಎಲ್ಲರೂ ಹೇಳಿದರು. ಅವರು ಕೇಳಲಿಲ್ಲ. ‘ಇಲ್ಲದ ಕುಂಕುಮ ನಾ ಹಚ್ಚಾಂಗಿಲ್ಲ’ ಎಂದರಂತೆ. ಹಾಗಾದರೆ ಕುಂಕುಮದಿಂದ ಪಿಸ್ತೂಲು ಹಾರಿದ್ದನ್ನು ತೋರಿಸಲು ಕಂಪನಿಗೆ ಬೇರೆ ಒಬ್ಬರು ಬೇಕಾಯಿತು. ಅದೇ ಹೊತ್ತಿಗೆ ನಿಮ್ಮ ಪಿಸ್ತೂಲೂ ಹಾರಿತು, ನೀವು ಸಿಕ್ಕಿರಿ.

ಇಲ್ಲಿಯವರೆಗೆ ನಿಮಗೆ ಬಹುವಚನ ಕೊಟ್ಟೆ. ಹಿರಿಯರು, ಕಾಣದ ಕಾಲದವರು. ಇನ್ನು ನನ್ನಿಂದಾಗದು. ಈ ಕ್ಷಣದಲ್ಲಿ ನೀನು ನನಗಿಂತ ಎಷ್ಟೋ ಚಿಕ್ಕವನು, ಮೀಸೆ ಇನ್ನೂ ಕರಿ. ಮುತ್ಯಾ ಎನ್ನುತ್ತೇನೆ, ನೀನು ಎನ್ನುತ್ತೇನೆ. ಮನೆಯ ಮಕ್ಕಳು ಮುತ್ಯಾನಿಗೆ ಹಾಗೇ ಅಲ್ಲವೇ ಬಯ್ಯುವುದು?

ಮುತ್ಯಾ, ನಿನ್ನ ಕತೆ ನಮ್ಮ ಮನೆಯ ಹಬ್ಬದ ಕತೆ. ಖಂಡೇನವಮಿ ಬಂತೆಂದರೆ, ಹೋಳಿಗೆ ಲಟ್ಟಿಸುತ್ತ ನನ್ನ ಅತ್ತೆಯಂದಿರು ಅದನ್ನು ಹೇಳಿ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ‘ನಮ್ಮ ದ್ಯಾಮಪ್ಪ ಮುತ್ಯಾ ಭಾಳ ಶ್ಯಾಣ್ಯಾ. ಜೀಪಿನ್ಯಾಗ ಕುಂಡ್ರಾಕ ಹೋದ, ಪಿಸ್ತೂಲು ಢಂ ಅಂತು, ಟೈರು ಠುಸ್ ಅಂತು, ಮುತ್ಯಾ ಯಪ್ಪೋ ಅಂದ. ಠಾಣೆದ ರೈಟರ್ ಓಡಿ ಬಂದು ಏನಂದ ಗೊತ್ತನ? ಲೇ ದ್ಯಾಮ್ಯಾ, ಮನ್ಯಾಗ ಹೆಂಡ್ತಿ ಕುಂಕುಮ ಹಚ್ಕೋತಾಳಿಲ್ಲೋ? ಪಿಸ್ತೂಲಿಗೂ ಒಂದೀಟು ಹಚ್ಚು, ಅದೂ ಮುತ್ತೈದಿ ಆಗಲಿ, ನಿನ್ನ ನೌಕರಿನೂ ಗಟ್ಟಿ ಇರಲಿ!’ ನೀನು ಓಣಿ ಹಾರಿ ಮನೆಗೆ ಹೋದೆ. ರತ್ನವ್ವ ಮುತ್ತಜ್ಜಿ ಕುಂಕುಮದ ಭರಣಿ ತೆಗೆದುಕೊಟ್ಟಳು. ಪಂಚನಾಮೆಗೆ ಜನ ಬರುವ ಮೊದಲೇ ಪಿಸ್ತೂಲಿನ ಹೊಟ್ಟೆಯೊಳಗೆ ಚಿಟಿಕೆ ಕುಂಕುಮ ಬಿದ್ದಾಗಿತ್ತು. ಆಮೇಲೆ ನಿನಗೆ ಬಡ್ತಿ ಬಂತು, ವಸತಿಗೃಹ ಉಳಿಯಿತು, ಮಕ್ಕಳು ಓದಿದರು. ನಾವು ಅದೇ ಬಳ್ಳಿಯ ಕಾಯಿಗಳು. ಕತೆಯ ಕೊನೆಯಲ್ಲಿ ಎಲ್ಲರೂ ನಗುವಾಗ ಒಬ್ಬ ಮುದಿ ಅತ್ತೆ ಮಾತ್ರ ನಗದೆ ಇನ್ನೊಂದು ಮಾತು ಸೇರಿಸುತ್ತಿದ್ದಳು: ಫಕೀರಪ್ಪ ಆಮೇಲೆ ಬಗಲಲ್ಲಿ ಕೋಲಿಟ್ಟುಕೊಂಡು ಠಾಣೆಯ ಎದುರಿಗೇ ಎಲೆ ಅಡಿಕೆ ಮಾರುತ್ತಿದ್ದನಂತೆ, ನೀನು ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದೆಯಂತೆ. ‘ಎಲಿ ಹಾಕ್ಕೊಂಡು ಹೋಗೋ ದ್ಯಾಮಾ, ಉಗಳಾಕರ ನನ್ನ ನೆನಸು’ ಎಂದು ಅವನು ಕೂಗುತ್ತಿದ್ದನಂತೆ. ಆ ಮಾತಿಗೂ ನಾವು ನಕ್ಕಿದ್ದೇವೆ. ಥೂ.

ಶೀಲವಂತ ಪೊಟ್ಟಣ ಹಿಡಿದು ನಿಂತಾಗ ನನಗೆ ಆ ನಗುವೆಲ್ಲ ನೆನಪಿಗೆ ಬಂತು. ಯೋಚನೆ ಮಾಡುತ್ತೇನೆಂದು ಹೊರಗೆ ಬಂದು ಪಡಸಾಲೆಯಲ್ಲಿ ಕುಳಿತೆ. ಅಲ್ಲಿ ಚಾಂದಬಿ ಎಂಬ ಹೆಂಗಸು ಕುಳಿತಿದ್ದಳು. ಅವಳ ಮಗನೂ ಊರಗಾವಲು. ಅವನು ಮೆಟ್ಟಿಲು ಇಳಿಯುವಾಗ ಪಿಸ್ತೂಲು ಹಾರಿ ಪಾದ ಹೋಗಿತ್ತು. ಅವಳ ಕೈಯಲ್ಲೂ ಅದೇ ಪೊಟ್ಟಣ. ಇಬ್ಬರೂ ಪೊಟ್ಟಣ ನೋಡಿಕೊಂಡೆವು. ದುಃಖದಲ್ಲಿ ನಾಲಗೆ ಸಡಿಲಾಗುತ್ತದಲ್ಲ, ನಾನು ನಿನ್ನ ಕತೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

‘ಅಕ್ಕಾ, ಇದು ನಮ್ಮ ದಾದಾನ, ಅಂದ್ರ ಮುತ್ಯಾನ ಕತಿ. ನಮ್ಮ ಮನ್ಯಾಗ ಕುಂಕುಮ ಎಲ್ಲಿಂದ ಬರಬೇಕು? ಬಾಜೂ ಮನಿ ಅಕ್ಕಾರ ಕಡೆ ಕಡಾ ತಂದು ಹಾಕಿದ್ರಂತ. ಈದಿಗೆ ಸುರಕುಂಬಾ ಕುಡೀತ ಹೇಳಿ ನಗತಾರ ನಮ್ಮವರು.’

ಆಚೆ ಬೆಂಚಿನಲ್ಲಿ ಇನ್ನೊಂದು ಮನೆಯವರು ಕುಳಿತಿದ್ದರು. ಅವರ ಮುದುಕ ಕೈ ಎತ್ತಿದ. ‘ನಮ್ಮದೂ ಇದ ಕತಿ ಬಿಡವ್ವಾ’ ಎಂದ. ಪ್ರತಿ ಮನೆಯ ಮುತ್ಯಾನೂ ತಾನೊಬ್ಬನೇ ಶ್ಯಾಣ್ಯಾ ಎಂದುಕೊಂಡು ಹೋಗಿದ್ದ. ಪ್ರತಿ ಮನೆಯವರೂ ಇದು ತಮ್ಮೊಬ್ಬರ ಮನೆಯ ನಗೆಮಾತು ಎಂದುಕೊಂಡಿದ್ದರು. ತಿಳಿಯಿತೇ ಮುತ್ಯಾ? ಯಾವ ಪಿಸ್ತೂಲಿನಲ್ಲೂ ಕುಂಕುಮ ಮೊದಲು ಇರಲಿಲ್ಲ. ಎಲ್ಲವೂ ಬರಿದೇ ಹಾರಿದವು. ಆಮೇಲೆ ನೀವೇ ಒಬ್ಬೊಬ್ಬರಾಗಿ, ಹೆಂಡಿರ ಭರಣಿಯಿಂದ ತಂದು, ಕಂಪನಿಗೆ ಸಾಕ್ಷಿ ಒದಗಿಸಿದಿರಿ. ಅವರು ಲಂಚ ಕೊಡಲಿಲ್ಲ, ಹೆದರಿಸಲಿಲ್ಲ. ಕೈ ಚಾಚುವ ಕಷ್ಟವನ್ನೂ ನೀವು ಅವರಿಗೆ ಕೊಡಲಿಲ್ಲ.

ಈಗಿನ ಕೋರ್ಟಿಗೆ ಇದನ್ನು ಹೇಳೋಣವೆಂದು ವಕೀಲಳ ಹತ್ತಿರ ಓಡಿದೆ. ಅವಳು ಪೂರಾ ಕೇಳಿ, ಕನ್ನಡಕ ಒರೆಸಿಕೊಂಡು, ‘ಸತ್ತವರ ನಗೆಮಾತು ಸಾಕ್ಷಿ ಆಗೂದಿಲ್ಲ ಅಕ್ಕಾರ. ಯಲಿಗಾರ ತೀರ್ಪಿನ್ಯಾಗ ಬದುಕಿದ್ದ ಮನಶ್ಯಾ ಒಬ್ಬಾವ ಕಟಕಟ್ಯಾಗ ನಿಂತು ಹೇಳ್ಯಾನಲ್ಲ’ ಎಂದಳು. ಆ ಮನುಷ್ಯ ನೀನು. ನಿನ್ನ ಹೇಳಿಕೆಯನ್ನು ಕಾನೂನು ಓದುವ ಮಕ್ಕಳು ಈಗಲೂ ಪಾಠದಂತೆ ಒಪ್ಪಿಸುತ್ತಾರೆ. ಫಕೀರಪ್ಪನ ವಕೀಲ ಕೇಳುತ್ತಾನೆ, ಗುಂಡು ಹಾರುವ ಮೊದಲೇ ಆ ಕುಂಕುಮ ಪಿಸ್ತೂಲಿನೊಳಗೆ ಇತ್ತೇ ಎಂದು. ನೀನು ‘ಇತ್ರಿ’ ಎನ್ನುತ್ತೀ. ಅಷ್ಟೇ. ಆ ಮಾತಿನ ಮೇಲೆ ನ್ಯಾಯಾಧೀಶರು ಬರೆದರು: 'ಕಾರಣ ಕುಂಕುಮವೆಂದು ತಿಳಿದಿರುವಾಗ ಪಿಸ್ತೂಲನ್ನು ಬಿಚ್ಚಿಸಿ ನೋಡುವ ಅಗತ್ಯ ಕಾಣುವುದಿಲ್ಲ, ಕುಂಕುಮವಿದ್ದರೆ ಪದ್ಧತಿಯ ದೋಷ, ಇಲ್ಲದಿದ್ದರೆ ಕೈಯ ದೋಷ.' ಅಂದಿನಿಂದ ಇಂದಿನವರೆಗೆ ಒಂದು ಕೋರ್ಟೂ ಒಂದು ವಿನೀತ ಪಿಸ್ತೂಲಿನ ತಿರುಪು ಬಿಚ್ಚಿಲ್ಲ. ಎಷ್ಟು ಕಾಲು, ಎಷ್ಟು ಪಾದ, ಯಾರ ತೊಡೆಯ ಮೇಲೆ ಕುಳಿತಿದ್ದ ಮಗು, ನಾನು ಬರೆಯುವುದಿಲ್ಲ. ಒಂದೊಂದಕ್ಕೂ ಒಂದು ಪೊಟ್ಟಣ ಹೋಗಿದೆ. ಪೊಟ್ಟಣ ಕಟ್ಟಲು ಈಗ ಒಂದು ಕಚೇರಿಯೇ ಇದೆ. ಅಲ್ಲಿ ಕುಳಿತವರು ಹಬ್ಬಕ್ಕೆ ರಜೆ ಕೇಳುತ್ತಾರೆ.

ಕಂಪನಿಯ ಮೇಲೆ ನನಗಿರುವ ಸಿಟ್ಟು ಬಿಸಿಲಿನ ಮೇಲಿನ ಸಿಟ್ಟಿನ ಹಾಗೆ. ಅದು ಸುಡುವುದೇ ಹಾಗೆ, ಹಾಸು ಕಟ್ಟಿಕೊಳ್ಳಬೇಕು. ಇಲಾಖೆಯ ಮೇಲಿನ ಸಿಟ್ಟು ಗೋಡೆಗೆ ಹಣೆ ಹೊಡೆದುಕೊಂಡಂತೆ. ನಿನ್ನ ಮೇಲಿನದು ಹಾಗಲ್ಲ ಮುತ್ಯಾ. ನೀನು ನಮ್ಮವನು. ನಿನಗೆ ಗೊತ್ತಿತ್ತು. ಸೀಟಿಗೆ ಕುಳಿತುಕೊಳ್ಳುವಾಗ ನಿನ್ನ ಬೆರಳು ಎಲ್ಲಿತ್ತೆಂದು ಜಗತ್ತಿನಲ್ಲಿ ನಿನ್ನೊಬ್ಬನಿಗೇ ಗೊತ್ತಿತ್ತು, ಅದರಿಂದಾಗಿ ಫಕೀರಪ್ಪನ ಬೆರಳು ಎಲ್ಲಿತ್ತೆಂದೂ ಗೊತ್ತಿತ್ತು. ಅವನೊಬ್ಬನೇ ಆಗಿದ್ದರೆ ಕೈತಪ್ಪು ಎನ್ನಬಹುದು. ಇಬ್ಬರ ಪಿಸ್ತೂಲೂ ಬೆರಳಿಲ್ಲದೆ, ಕುಂಕುಮವಿಲ್ಲದೆ ಹಾರಿದವು ಎಂದಾಗ ಕೋರ್ಟಿಗೆ ಪಿಸ್ತೂಲು ಬಿಚ್ಚದೆ ಬೇರೆ ದಾರಿ ಎಲ್ಲಿತ್ತು? ಆ ಎರಡನೆಯವನು ನೀನಾಗಿದ್ದೆ. ಹೆಂಡತಿಯ ಹಣೆಯ ಮೇಲಿನದನ್ನು ತಂದು ಪಿಸ್ತೂಲಿನ ಬಾಯಿ ಮುಚ್ಚಿದೆ.

ಕದಿರು ಕುಂಕುಮ ಬೇಡವೆಂದಳು. ನಾನೇ ಅಳುತ್ತ ಪೊಟ್ಟಣ ಒಡೆಯಲು ಹೋಗಿದ್ದೆ ಮುತ್ಯಾ, ಅದನ್ನೂ ಹೇಳಿಬಿಡುತ್ತೇನೆ. ತಾಯಿ ಎಂದ ಮೇಲೆ ಜೇಲು ಎಂಬ ಶಬ್ದ ಕಿವಿಗೆ ಬಿದ್ದರೆ ಬುದ್ಧಿ ನಿಲ್ಲುವುದಿಲ್ಲ. ಅವಳು ನನ್ನ ಮಣಿಕಟ್ಟು ಹಿಡಿದಳು. ‘ಇಲ್ಲದ ಕುಂಕುಮ ಯಾಕ ಹಚ್ಚಬೇಕವ್ವಾ?’ ಎಂದಳು. ಫಕೀರಪ್ಪ ಹಾಗಂದಿದ್ದು ಅವಳಿಗೆ ಗೊತ್ತೇ ಇರಲಿಲ್ಲ; ವಕೀಲಳು ಆಮೇಲೆ ನಮಗೆ ತಿಳಿಸಿದ್ದು. ಶೀಲವಂತ ತಲೆ ತಗ್ಗಿಸಿ ಕೈತಪ್ಪು ಎಂದು ಬರೆದುಕೊಂಡು ಹೋದ. ಅವಳ ವಿಚಾರಣೆ ಹತ್ತಿರ ಬಂದಿದೆ. ಚಾಂದಬಿಯ ಮಗ ಸಾಕ್ಷಿ ಹೇಳಲು ಬರುತ್ತಾನೋ ಇಲ್ಲವೋ ಇನ್ನೂ ಬಾಯಿ ಬಿಟ್ಟಿಲ್ಲ. ಅವನಿಗೆ ಎರಡು ಮಕ್ಕಳು.

ನೀನು ಸೋಮವಾರ ನಿಜ ಹೇಳಿದರೆ ಏನಾಗುತ್ತದೆಂದು ಮುಚ್ಚಿಡುವುದಿಲ್ಲ. ನೌಕರಿ ಹೋಗುತ್ತದೆ. ಸಾಕ್ಷ್ಯ ಕೆಡಿಸಿದ್ದಕ್ಕೆ ನಿನ್ನ ಮೇಲೂ ಕೇಸು ಬೀಳಬಹುದು. ವಸತಿಗೃಹ ಖಾಲಿ ಮಾಡಿಸುತ್ತಾರೆ. ರತ್ನವ್ವ ಮುತ್ತಜ್ಜಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ತವರಿನವರ ಮುಖ ನೋಡಬೇಕಾಗುತ್ತದೆ. ಮಕ್ಕಳ ಶಾಲೆ ಬದಲಾಗುತ್ತದೆ, ಬೇರೆ ಊರು, ಬೇರೆ ಗೆಳೆಯರು, ಬೇರೆ ಕಡೆ ಮದುವೆ. ಬಳ್ಳಿ ಬೇರೆ ಹಂದರಕ್ಕೆ ಹಬ್ಬುತ್ತದೆ. ಆಗ ನಾನು ಎಲ್ಲಿರುತ್ತೇನೆ? ಇರುವುದಿಲ್ಲ. ಕದಿರು? ಈ ಪ್ರಶ್ನೆಗೆ ಬಂದಾಗ ಕಾಗದ ಎತ್ತಿಟ್ಟೆ. ಒಂದು ವಾರ ಬರೆಯಲಿಲ್ಲ. ಕೊನೆಗೆ ಅವಳನ್ನೇ ಕೇಳಿದೆ. ಒಡೆದ ಮೊಣಕಾಲಿನ ಮೇಲೆ ತಣ್ಣೀರು ಬಟ್ಟೆ ಹಾಕಿಸಿಕೊಳ್ಳುತ್ತ, ನೋವಿಗೆ ಹಲ್ಲು ಕಚ್ಚಿ, ನಕ್ಕಳು.

‘ಹುಟ್ಟಲಿಲ್ಲಂದ್ರ ಹುಟ್ಟಲಿಲ್ಲ. ಬ್ಯಾರೆ ಯಾವಳೋ ಹುಟ್ಟತಾಳ, ಆಕಿ ಮೂಟಿ ಎತ್ತತಾಳ, ಎತ್ತಿ ಮನಿಗೆ ಹೋಗ್ತಾಳ. ಬರಿ ಅವ್ವಾ.’

ಅದಕ್ಕೆ ಬರೆದಿದ್ದೇನೆ. ಇನ್ನು ಹೇಳುವುದು ಬಹಳ ಇಲ್ಲ. ನಿನ್ನನ್ನು ಕೂಗುತ್ತಾರೆ, ನೀನು ಟೋಪಿ ತೆಗೆದು ಕಟಕಟೆ ಹತ್ತುತ್ತೀ. ಕಂಪನಿಯ ವಕೀಲ ಸಕ್ಕರೆಯಂತೆ ಮಾತಾಡುತ್ತಾನೆ, ಹೆಡ್ ಕಾನ್‌ಸ್ಟೇಬಲ್ ಸಾಹೇಬರೇ ಎನ್ನುತ್ತಾನೆ. ಅದು ಅವನು ನಿನ್ನನ್ನು ಸಾಹೇಬರೇ ಎನ್ನುವ ಕೊನೆಯ ದಿನ. ಆಮೇಲೆ ಫಕೀರಪ್ಪನ ವಕೀಲ ಆ ಪ್ರಶ್ನೆ ಕೇಳುತ್ತಾನೆ. ನಮ್ಮ ಮುದಿ ಅತ್ತೆ ಹೇಳುತ್ತಿದ್ದಳು, ಆಗ ನೀನು ಒಂದು ಗಳಿಗೆ ಸುಮ್ಮನೆ ನಿಂತೆಯಂತೆ. ಎದುರಿಗೆ ಬೆಂಚಿನ ತುದಿಯಲ್ಲಿ, ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ನು ಹಾಕಿಕೊಂಡು ಫಕೀರಪ್ಪ ಕುಳಿತಿದ್ದನಂತೆ. ನೀನು ನೋಡುತ್ತೀಯೆಂದು ಅವನು ಮುಖ ಎತ್ತಿದನಂತೆ, ನೀನು ಕಿಟಕಿ ನೋಡಿದೆಯಂತೆ. ಆ ಗಳಿಗೆಗಾಗಿಯೇ ಈ ಕಾಗದ ಬಂದಿದೆ. ಕಿಟಕಿ ಬಿಡು. ಅವನ ಮುಖ ನೋಡು. ಅವನ ಮುಖ ನೋಡುತ್ತಲೇ ಹೇಳು: ‘ಇದ್ದಿಲ್ರಿ. ಪಿಸ್ತೂಲು ತಾನ ಹಾರಿತ್ರಿ. ಕುಂಕುಮ ಆಮ್ಯಾಲೆ ನಾನ ಹಾಕಿದ್ದು.’

ಅಷ್ಟು ಹೇಳಿ ಕೆಳಗಿಳಿದು ಬಾ. ನಾವು ಹುಟ್ಟುವುದು ಬಿಡುವುದು ನಮ್ಮ ಪಾಡು, ನೀನು ನೋಡಬೇಡ.

ಹೊನ್ನವ್ವ ಕೊಪ್ಪದ